ಆಚಾರಿಯ ಕೊನೆಯ ಅಕ್ರೋಟು ಹಲಗೆ

ಠಾಣೆ ಶಹರಕ್ಕೆ ತಾಗಿದ ಕಳವಾ ಪೂರ್ವದ ಈ ಚಾಳಿನಲ್ಲಿ ನಳಕ್ಕೆ ನೀರು ಬರುವುದು ಬೆಳಗಿನ ಐದೂ ಮುಕ್ಕಾಲಿಗೆ. ಅದಕ್ಕೆ ಮೊದಲಿನ ಒಂದು ಗಂಟೆ ಮಾತ್ರ ಮನೆಮುಂದಿನ ಓಣಿ ದಯಾನಂದ ಆಚಾರಿಯವರದು. ಆಮೇಲೆ ಅದು ಬಕೆಟ್ಟುಗಳದು, ಡ್ರಮ್ಮುಗಳದು, ಸ್ಕೂಟರುಗಳದು. ಹಾಗಾಗಿ ಅರವತ್ತೊಂದು ವಯಸ್ಸಿನ ಈ ಮನುಷ್ಯ ನಾಲ್ಕೂ ಮುಕ್ಕಾಲಿಗೇ ಎದ್ದು, ಹೊಸ್ತಿಲ ಹೊರಗೆ ಸ್ಟೂಲು ಹಾಕಿ, ಮೊಣಕಾಲುಗಳ ನಡುವೆ ಮರದ ತುಂಡೊಂದನ್ನು ಇರುಕಿಸಿಕೊಂಡು ಕೂತಿದ್ದಾರೆ. ಒಂದು ತುದಿ ಅಗಲ, ನಡುವೆ ಸಪೂರ ಸೊಂಟ, ಮುಂದಕ್ಕೆ ಉದ್ದ ಮೂತಿ. ಬಂದೂಕಿನಿಂದ ಕಬ್ಬಿಣವನ್ನೆಲ್ಲ ಕಳಚಿದರೆ ಉಳಿಯುವ ಮರ ಇದು. ಭುಜಕ್ಕೆ ಒತ್ತಿಕೊಂಡು ಕೆನ್ನೆಗೆ ತಾಗಿಸಿಕೊಳ್ಳುವ ಭಾಗ. ಈ ಕಸುಬಿನವರು ಇದನ್ನು ಕುಂದಾ ಎನ್ನುತ್ತಾರೆ.

ಅರ ಹಿಡಿದ ಕೈ ಮೂತಿಯ ಮೇಲೆ ಓಡುತ್ತದೆ, ಸೊಂಟದ ಮೇಲೆ ಓಡುತ್ತದೆ, ಕೆನ್ನೆ ತಾಗುವ ಜಾಗಕ್ಕೆ ಬಂದಾಗ ಮಾತ್ರ ನಿಂತುಬಿಡುತ್ತದೆ. ಅಲ್ಲಿ ಮರ ಎರಡೂ ಬದಿಯಲ್ಲಿ ಇನ್ನೂ ದಪ್ಪಗೆ, ಒರಟಾಗಿ ಉಳಿದಿದೆ. ನಿನ್ನೆ ಬೆಳಿಗ್ಗೆಯೂ ಇಲ್ಲಿಗೇ ನಿಂತಿತ್ತು, ಮೊನ್ನೆಯೂ ಇಲ್ಲಿಗೇ.

"ಇಲ್ಲಿ ಕೈ ಹೋಗೋದಿಲ್ಲ ಮಾರಾಯ್ರೆ," ಎನ್ನುತ್ತಾರೆ ಆಚಾರಿ. "ಒಂದು ಕುಂದಾ ಮಾಡಿದೆ, ಸರಿ ಇಲ್ಲ ಅಂದ್ರು. ತೆಗ್ದೆ, ಪುನಃ ಸರಿ ಇಲ್ಲ ಅಂದ್ರು. ಇನ್ನು ಇದನ್ನೂ ತೆಗೆದು ಹಾಳು ಮಾಡಿದ್ರೆ ಹಾಕ್ಲಿಕ್ಕೆ ಮರ ಎಲ್ಲಿ ಉಂಟು? ನನ್ನ ತೊಡೆಯ ಎಲುಬು ಕೊಡ್ಬೇಕಷ್ಟೆ."

ಒಳಗಿನಿಂದ ಅವರ ಹೆಂಡತಿ, ಹೆಸರು ಬಾಗಿ, ತುಳುವಿನಲ್ಲಿ ಏನೋ ಹೇಳುತ್ತಾರೆ. ಎಲುಬು ಕೊಡುವುದಾದರೆ ನೀರು ಹಿಡಿದಿಟ್ಟ ಮೇಲೆ ಕೊಡಿ ಎಂಬುದು ಅದರ ಸಾರ. ಆಚಾರಿ ಮರದ ಹುಡಿ ಕೊಡವಿ ಏಳುತ್ತಾರೆ.

ಇವರ ಕೆಲಸ ಏನೆಂದು ಮೂವತ್ತೆಂಟು ವರ್ಷಗಳಿಂದ ಚಾಳಿನವರಿಗೆ ಅರ್ಥವಾಗಿಲ್ಲ. ಕಿಟಕಿಯ ಸರಳಿಗೆ ಅಗಸೆಯೆಣ್ಣೆಯ ಚಿಂದಿಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹರಡಿರುತ್ತಾರೆ. ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆಂಬ ಭಯ ಅವರಿಗೆ. ಈ ಮನೆಯವರು ಬಟ್ಟೆ ಸರಿಯಾಗಿ ಒಗೆಯುವುದಿಲ್ಲವೆಂಬ ಅಭಿಪ್ರಾಯ ಪಕ್ಕದವರಿಗೆ. ಬಾಗಿ ವಾರಕ್ಕೆರಡು ಸಲ ಹಣತೆ ಹಚ್ಚಿ ಅದರ ಮೇಲೆ ಸ್ಟೀಲು ತಟ್ಟೆ ಬೋರಲು ಹಾಕಿ ಮಸಿ ಹಿಡಿಯುತ್ತಾರೆ, ಹಿಂದೆ ಮಗುವಿನ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ಹಾಗೆಯೇ. ಮನೆಯಲ್ಲಿ ಮಗು ಇಲ್ಲ. ಮಗಳು ರಮಿತಾಗೆ ಇಪ್ಪತ್ತಾರು, ಐರೋಲಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹಾಗಾದರೆ ಈ ಮಸಿ ಯಾಕೆ, ಯಾರ ಮೇಲೆ ಮಾಟ ಎಂದು ಒಮ್ಮೆ ಯಾರೋ ಕೇಳಿಯೂ ಬಿಟ್ಟಿದ್ದರಂತೆ.

ಮಸಿ ಹೋಗುವುದು ಬಂದೂಕಿಗೆ. ನಳಿಕೆಗೆ, ಮತ್ತದರ ಕಬ್ಬಿಣದ ಸಾಮಾನಿಗೆ ತೆಳ್ಳಗೆ ಮಸಿ ಸವರಿ, ಕೊರೆದ ಮರದೊಳಗೆ ಇಳಿಸಿ, ಮೆಲ್ಲಗೆ ಎತ್ತಬೇಕು. ಮರದಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಕಬ್ಬಿಣ ಒತ್ತುತ್ತಿದೆ ಎಂದು ಲೆಕ್ಕ. ಅಷ್ಟನ್ನು ಮಾತ್ರ ಉಳಿಯಲ್ಲಿ ಕೆರೆದು ಮತ್ತೆ ಮಸಿ, ಮತ್ತೆ ಇಳಿಸು, ಮತ್ತೆ ಎತ್ತು. ಒಂದು ಕುಂದಾಗೆ ನೂರು ಸಲ, ಕೆಲವೊಮ್ಮೆ ನೂರೈವತ್ತು. ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಕಬ್ಬಿಣ ಅಲುಗಾಡುತ್ತದೆ, ಗುರಿ ಕೆಡುತ್ತದೆ, ಹಿಂದಿನ ಎಂಟು ದಿನದ ಕೆಲಸ ಒಲೆಗೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂದರೆ ಇದೇ. ಇಲ್ಲಿ ಕುಂಬಾರನ ಕೈಯಲ್ಲೇ ದೊಣ್ಣೆಯೂ ಇದೆ ಎನ್ನುವುದೊಂದೇ ವ್ಯತ್ಯಾಸ.

ಕಬ್ಬಿಣವೇನೋ ಮನೆಗೆ ಬರುವ ಹಾಗಿಲ್ಲ. ಬಂದೂಕು ಇರುವುದು ಕೋಪರಿಯ ಪರವಾನಗಿ ಇರುವ ಹಳೆಯ ಅಂಗಡಿಯ ತಿಜೋರಿಯಲ್ಲಿ. ಮರ ಮಾತ್ರ ಕಳವಾಕ್ಕೂ ಕೋಪರಿಗೂ ಓಡಾಡುತ್ತದೆ, ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು, ಏಳೂ ಹದಿನಾಲ್ಕರ ಸ್ಲೋ ಲೋಕಲಿನಲ್ಲಿ. ಒಂದೇ ಸ್ಟೇಷನ್ ದಾರಿ. ಆ ಒಂದು ಸ್ಟೇಷನ್ನಿನಲ್ಲಿ ಆಗುವ ಫಜೀತಿ ನಾಲ್ಕು ಜನ್ಮಕ್ಕೆ ಸಾಕು.

ಇವತ್ತೂ ಕೋಪರಿಗೆಂದು ಠಾಣೆ ಸ್ಟೇಷನ್ನಿನ ಸೇತುವೆ ಇಳಿಯುವಾಗ ರೈಲ್ವೆ ಪೊಲೀಸಿನವನು ಕೈ ಅಡ್ಡ ಹಿಡಿಯುತ್ತಾನೆ. ಹೊಸ ಹುಡುಗ.

"ಇಸ್ ಮೇ ಕ್ಯಾ ಹೈ?"

"ಲಕಡಿ ಹೈ ಸಾಬ್."

"ಲಕಡಿ ಬಂದೂಕ್ ಜೈಸಾ ಕ್ಯೂಂ ದಿಖ್ತಾ ಹೈ?"

ಮರ ಯಾಕೆ ಬಂದೂಕಿನ ಹಾಗೆ ಕಾಣುತ್ತದೆ ಎಂಬುದಕ್ಕೆ ಆಚಾರಿಯ ಬಳಿ ಲಿಖಿತ ಉತ್ತರವಿದೆ. ಜೇಬಿನಿಂದ ಲ್ಯಾಮಿನೇಟ್ ಮಾಡಿಸಿದ ಅಂಗಡಿಯ ಪತ್ರ ತೆಗೆದು ಕೊಡುತ್ತಾರೆ. ಹುಡುಗ ಅದನ್ನು ಎರಡು ಸಲ ಓದುತ್ತಾನೆ, ಮರದ ಮೂತಿಯೊಳಗೆ ಬೆರಳು ಹಾಕಿ ನೋಡುತ್ತಾನೆ, ಹಿರಿಯನೊಬ್ಬ ದೂರದಿಂದ "ಜಾನೇ ದೇ, ಅಪ್ನಾ ಅಣ್ಣಾ ಹೈ" ಎಂದ ಮೇಲೆ ಬಿಡುತ್ತಾನೆ. ಈ ಪತ್ರ ಐದನೆಯದು. ಹಿಂದಿನ ನಾಲ್ಕು ಪೊಲೀಸರ ಬೆರಳಿನಲ್ಲೇ ಸವೆದು ಹೋಗಿವೆ. "ಹೊಸಬರು ಬಂದಾಗ ಎಲ್ಲ ಮೊದಲಿನಿಂದ," ಎಂದು ಆಚಾರಿ ಗೊಣಗುತ್ತಾರೆ. "ನಾನು ಸತ್ತರೆ ಸ್ಮಶಾನದಲ್ಲೂ ಕೇಳ್ತಾರೋ ಏನೋ, ಈ ಕಟ್ಟಿಗೆ ಯಾಕೆ ಅಂತ."

ಮೂಲತಃ ಇವರು ಕಾರ್ಕಳದ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಬಂದದ್ದು ನಮ್ಮವರ ಹೋಟೆಲುಗಳಿಗೆ ಬೆಂಚು ಮೇಜು ಮಾಡಲು. ಡೊಂಬಿವಲಿ, ಕಲ್ಯಾಣಗಳ ಎಷ್ಟೋ ಹೋಟೆಲುಗಳಲ್ಲಿ ಜನ ಇವರು ಮಾಡಿದ ಬೆಂಚಿನ ಮೇಲೆ ಕೂತು ದೋಸೆ ತಿಂದಿದ್ದಾರೆ. ಇಪ್ಪತ್ತಮೂರರಲ್ಲಿ ಕೋಪರಿಯ ಬಂದೂಕಿನ ಅಂಗಡಿಗೆ ಗಾಜಿನ ಕಪಾಟು ಮಾಡಲು ಹೋದರು. ಒಳಗೆ ಕುಂದಾ ಕೆತ್ತುತ್ತಾ ಕೂತಿದ್ದ ಮುದುಕ ಉಸ್ತಾದರಿಗೆ ಕಣ್ಣು ಮಂಜಾಗುತ್ತಿತ್ತು. ಕಪಾಟಿನ ಬಾಗಿಲು ಸದ್ದಿಲ್ಲದೆ ಕೂತ ರೀತಿಯನ್ನು ಕಿವಿಯಲ್ಲೇ ಕೇಳಿ, ಮುರಿದ ಕುಂದಾವೊಂದನ್ನು ಈ ಹುಡುಗನ ಮಡಿಲಿಗೆ ಹಾಕಿದರಂತೆ. ಕಪಾಟು ಮುಗಿಯಿತು, ಹುಡುಗ ಹೊರಗೆ ಬರಲೇ ಇಲ್ಲ.

"ಉಸ್ತಾದರು ಒಂದೇ ಮಾತು ಹೇಳ್ತಿದ್ರು. ಮರ ಆಮೇಲೆ ನೋಡು, ಮೊದ್ಲು ಮನುಷ್ಯನ್ನ ನೋಡು ಅಂತ," ಎಂದು ನೆನಪಿಸಿಕೊಳ್ಳುತ್ತಾರೆ ಆಚಾರಿ. ಕುತ್ತಿಗೆ ಉದ್ದವೋ ಗಿಡ್ಡವೋ, ಭುಜ ಇಳಿಜಾರೋ, ಕೆನ್ನೆಯ ಎಲುಬು ಎದ್ದಿದೆಯೋ, ಮೊಣಕೈ ಮಡಚಿದರೆ ತೋರುಬೆರಳಿಗೆ ಎಷ್ಟು ದೂರ. ದರ್ಜಿಯ ಕೆಲಸವೇ, ಆದರೆ ಅಂಗಿ ಬಿಗಿಯಾದರೆ ಗುಂಡಿ ಹರಿದೀತು, ಇದು ಬಿಗಿಯಾದರೆ ಹಲ್ಲು ಉದುರೀತು.

ಮೂವತ್ತೆಂಟು ವರ್ಷಗಳಲ್ಲಿ ಆರುನೂರ ಮೂವತ್ತಾರು ಕುಂದಾಗಳು. ಪ್ರತಿಯೊಂದರ ಹಿಂಭಾಗದಲ್ಲಿ, ಭುಜಕ್ಕೆ ತಾಗುವ ತಗಡಿನ ಕೆಳಗೆ, ಉಳಿಯಲ್ಲಿ ಅದರ ಸಂಖ್ಯೆ ಕೊರೆದಿರುತ್ತಾರೆ. ಹೆಸರಿಲ್ಲ, ಊರಿಲ್ಲ. ತಗಡು ಬಿಚ್ಚಿದವನಿಗೆ ಮಾತ್ರ ಕಾಣುತ್ತದೆ, ಬಿಚ್ಚುವವನು ಯಾರೂ ಇಲ್ಲ. ಗಿರಾಕಿಗಳಿಗೆ ಗೊತ್ತಿರುವುದು ಅಂಗಡಿಯ ಹೆಸರು ಮಾತ್ರ.

ಈಗ ಕೈಯಲ್ಲಿರುವುದು ಆರುನೂರ ಮೂವತ್ತೇಳನೆಯದು. ತಲೆನೋವು ಶುರುವಾಗಿದ್ದು ಅದರ ಹಿಂದಿನದರಿಂದ.

ಕಲ್ಯಾಣದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರ ಮಾಡುವ ವೀರಭದ್ರಪ್ಪ ಗದಗಿನ ಕಡೆಯವರು, ಅರವತ್ನಾಲ್ಕು ವಯಸ್ಸು. ಮುರಬಾಡದ ಆಚೆ ಅವರಿಗೆ ನಾಲ್ಕು ಎಕರೆ ಮಾವಿನ ತೋಟವಿದೆ, ಸಾಲಿನ ನಡುವೆ ಶೇಂಗಾ. ಶೇಂಗಾ ಇದ್ದಲ್ಲಿ ಕಾಡುಹಂದಿ. ಬೆಳೆ ಕಾಯಲೆಂದು ಪರವಾನಗಿ ಸಿಕ್ಕಿತು, ಅಂಗಡಿಯಲ್ಲಿದ್ದ ರೈಫಲುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡರು. ಬೇಟೆಯ ರೈಫಲು ಎಂದು ಅದರ ಹೆಸರು. ಬೇಟೆ ನಿಷೇಧವಾಗಿ ಅರ್ಧ ಶತಮಾನ ಕಳೆದರೂ ಹೆಸರು ಹೋಗಿಲ್ಲ. ಕಬ್ಬಿಣ ಪರವಾಗಿಲ್ಲ. ಅದಕ್ಕೆ ಹಾಕಿದ್ದ ಮರವನ್ನು ಕಂಡು ಆಚಾರಿ, ಇದನ್ನು ಪೆಟ್ಟಿಗೆಗೂ ಬಳಸುವುದಿಲ್ಲ ಎಂದಿದ್ದರು. ಮೊದಲ ಮಳೆಗಾಲಕ್ಕೇ ಅದು ಸೊಂಟದಲ್ಲಿ ಬಿರುಕು ಬಿಟ್ಟಿತು. ಒಳ್ಳೆಯ ಮರದ ಹೊಸ ಕುಂದಾ ಹಾಕಿ ಕೊಡಿ ಎಂದರು ವೀರಭದ್ರಪ್ಪ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ ಎಂದು ಅಂಗಡಿಯವರು ಹೇಳಿ ನೋಡಿದರು. ಅವರು ಕೇಳಲಿಲ್ಲ.

ಆಚಾರಿಯ ಹತ್ತಿರ ಆಗ ಉಳಿದಿದ್ದು ಎರಡೇ ಅಕ್ರೋಟು ಹಲಗೆ. ಹನ್ನೊಂದು ವರ್ಷದ ಹಿಂದೆ ಕಾಶ್ಮೀರದಿಂದ ಬಂದವು. ಅಂದಿನಿಂದ ಮಂಚದ ಕೆಳಗೆ ಒಣಗುತ್ತಾ ಮಲಗಿದ್ದವು. ಒಂದನ್ನು ತೆಗೆದು, ಅಳತೆ ಹಿಡಿದು, ಇಪ್ಪತ್ತೆರಡು ದಿನ ದುಡಿದು ಕುಂದಾ ಮಾಡಿದರು. ವಾರ ಕಳೆದು ಫೋನು ಬಂತು: ಗುಂಡು ಹಾರಿಸಿದರೆ ಗಲ್ಲಕ್ಕೆ ಬಡಿಯುತ್ತದೆ. ತಂದುಕೊಟ್ಟರು, ಕೆನ್ನೆಯ ಉಬ್ಬನ್ನು ಆಚಾರಿ ಇಳಿಸಿದರು. ಮತ್ತೆ ಎರಡು ವಾರಕ್ಕೆ ಫೋನು: ಇನ್ನೂ ಬಡಿಯುತ್ತದೆ, ಗುರಿಯೂ ಕಾಣುವುದಿಲ್ಲ. ಮತ್ತೆ ಕೆರೆದರು. ಎಷ್ಟು ಕೆರೆದರೆಂದರೆ ಕುಂದಾ ಸೊರಗಿ, ಒಂದು ಮೂಲೆಯಲ್ಲಿ ಒಳಗಿನ ತೂತು ಇಣುಕಿತು. ಆರುನೂರ ಮೂವತ್ತಾರು ಕೆಟ್ಟಿತು. ಕೆಲಸ ಆರಂಭಿಸಿದ ಎರಡನೇ ವರ್ಷದ ನಂತರ ಅವರ ಕೈಯಲ್ಲಿ ಕೆಟ್ಟ ಮೊದಲ ಕುಂದಾ ಅದು.

ಅಂಗಡಿಯ ಈಗಿನ ಮಾಲೀಕ ಮನೀಶ. ಕಪಾಟು ಮಾಡಿಸಿದವರ ಮೊಮ್ಮಗ, ಕೆಟ್ಟವನಲ್ಲ, ಅವಸರದವನು. ಅವನ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿನ ರೆಡಿಮೇಡ್ ಕುಂದಾ ಎರಡು ಸ್ಕ್ರೂ ಬಿಗಿದರೆ ಮುಗಿಯಿತು, ಗಿರಾಕಿ ಹಿಂದಿರುಗಿ ಬರುವುದಿಲ್ಲ. ಅಂಥವು ತುಂಬಿದ ಒಂದು ರಟ್ಟಿನ ಪೆಟ್ಟಿಗೆ ತರಿಸಿ, ಹಿಂದಿನ ಕೋಣೆಯಲ್ಲಿ ಆಚಾರಿಯ ಬೆಂಚಿನ ಮೇಲೆಯೇ ಇಟ್ಟಿದ್ದಾನೆ. ಕಳೆದ ತಿಂಗಳು ಮಾತೂ ಆಡಿಬಿಟ್ಟ: "ಕಾಕಾ, ಯೇ ರೈಫಲ್ ಏಕ್ ಬಾರ್ ಔರ್ ವಾಪಸ್ ಆಯಾ, ತೋ ಲಕಡಿ ಕಾ ಕಾಮ್ ಬಂದ್. ಟಿಟ್ವಾಳಾ ಮೇ ಘರ್ ಲೇ ಲೋ, ಆರಾಮ್ ಕರೋ." ಈ ರೈಫಲು ಇನ್ನೊಂದು ಸಲ ವಾಪಸು ಬಂದರೆ ಮರದ ಕೆಲಸವೇ ಬಂದ್, ದೂರದ ಟಿಟ್ವಾಳಾದಲ್ಲಿ ಮನೆ ಮಾಡಿಕೊಂಡು ಆರಾಮಾಗಿರಿ ಎಂದು.

ಬೆಂಚು ಹೋದರೆ ಏನಾಗುತ್ತದೆ ಎಂದು ಕೇಳಿದರೆ ಆಚಾರಿ ಸಿಡುಕುತ್ತಾರೆ. "ಟಿಟ್ವಾಳಾದಲ್ಲಿ ಗಣಪತಿ ಉಂಟು, ಗಾಳಿ ಉಂಟು. ನಾನು ಅಲ್ಲಿ ಎಂತ ಮಾಡುದು, ಗಣಪತಿಗೆ ಕುಂದಾ ಮಾಡುದಾ?" ಮನೆಯಲ್ಲೂ ಬೆಂಬಲವಿಲ್ಲ. ರಮಿತಾಳಿಗೆ ತುಳುವೂ ಬರುತ್ತದೆ, ಕನ್ನಡವೂ ಬರುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. "ಪಪ್ಪಾ, ಪ್ಲಾಸ್ಟಿಕ್ ಹೀ ಅಚ್ಛಾ ಹೈ ನಾ, ಬಾರಿಶ್ ಮೇ ಖರಾಬ್ ಭೀ ನಹೀ ಹೋತಾ" ಎನ್ನುತ್ತಾಳೆ, ಡಬ್ಬಿಗೆ ಚಪಾತಿ ತುಂಬುತ್ತಾ. ಪ್ಲಾಸ್ಟಿಕ್ಕು ಮಳೆಗೆ ಕೆಡುವುದಿಲ್ಲ ಎನ್ನುವುದು ನಿಜವೇ. ನಿಜ ಎನ್ನುವುದೇ ಆಚಾರಿಗೆ ಇನ್ನಷ್ಟು ಉರಿ.

ಹೀಗೆ ಎರಡನೆಯ ಹಲಗೆ, ಅಂದರೆ ಕೊನೆಯದು, ಕುಂದಾ ಆಗುತ್ತಿದೆ. ಕೆನ್ನೆಯ ಜಾಗಕ್ಕೆ ಬಂದಾಗ ಕೈ ನಿಲ್ಲುವುದು ಇದಕ್ಕೇ. ಅಳತೆಗಳೆಲ್ಲ ಸರಿ ಇವೆ, ಮೂರು ಸಲ ತಾಳೆ ನೋಡಿದ್ದಾರೆ. ಆದರೂ ಹಿಂದಿನದು ಬಡಿಯಿತು. ತಪ್ಪು ಮರದಲ್ಲೋ, ಮನುಷ್ಯನಲ್ಲೋ, ತನ್ನ ಕೈಯಲ್ಲೋ ತಿಳಿಯದೆ ಈ ಮರವನ್ನು ಮುಟ್ಟಲು ಅವರಿಗೆ ಮನಸ್ಸಿಲ್ಲ. ಹಾಗಾಗಿ ವೀರಭದ್ರಪ್ಪನವರನ್ನೇ ಇವತ್ತು ಅಂಗಡಿಗೆ ಕರೆಸಿದ್ದಾರೆ.

ಹನ್ನೊಂದು ಗಂಟೆಗೆ ವೀರಭದ್ರಪ್ಪ ಬರುತ್ತಾರೆ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಹಿಂದೆ ಹೆಂಡತಿ ಬಸವಣ್ಣೆವ್ವ. ಠಾಣೆಯಲ್ಲಿ ಮೊಣಕಾಲಿನ ಡಾಕ್ಟರಿಗೆ ತೋರಿಸುವುದಿತ್ತು, ಜೊತೆಗೇ ಬಂದಿದ್ದಾರೆ. ಹಿಂದಿನ ಕೋಣೆಯ ಒಂದೇ ಕುರ್ಚಿಯನ್ನು ಅವರಿಗೆ ಕೊಟ್ಟದ್ದಾಗಿದೆ. ಬಾಗಿಲಲ್ಲಿ ಮನೀಶ ಗಡಿಯಾರ ನೋಡುತ್ತಾ ನಿಂತಿದ್ದಾನೆ.

"ಆಚಾರ್ರ, ನಿಮ್ಮ ಕೆಲಸಕ್ಕ ಹೆಸರ ಇಡಂಗಿಲ್ರಿ ನಾ," ಎಂದು ವೀರಭದ್ರಪ್ಪ ಮೊದಲೇ ಸಮಾಧಾನ ಹೇಳುತ್ತಾರೆ. "ಭಾಳ ಚಂದ ಐತಿ. ಆದ್ರ ಬಡೀತೈತಿ."

"ಹಂದಿಯನ್ನು ಹೊಡಿಲಿಕ್ಕೆ ಅರಣ್ಯದವರ ಕಾಗದ ಬೇಕು, ನೀವು ಗಾಳಿಗೆ ಹಾರಿಸುದು," ಎನ್ನುತ್ತಾರೆ ಆಚಾರಿ. "ಗಾಳಿಗೆ ಹಾರಿಸ್ಲಿಕ್ಕೆ ಗುರಿ ಯಾಕೆ ಸರಿ ಕಾಣ್ಬೇಕು ನಿಮಗೆ?"

"ಗಾಳಿಗೆ ಹೊಡದ್ರೂ ನನ್ನ ಗಲ್ಲಕ್ಕ ಯಾಕ ಬಡೀಬೇಕ್ರಿ?"

ಆಚಾರಿ ಗೋಡೆಯಿಂದ ಅಳತೆಯ ಕುಂದಾವನ್ನು ಇಳಿಸುತ್ತಾರೆ. ಕಬ್ಬಿಣವಿಲ್ಲದ, ತಿರುಪುಗಳಿಂದ ಉದ್ದ ಎತ್ತರ ಬದಲಾಯಿಸಬಹುದಾದ ಮರದ ಗೊಂಬೆ ಅದು, ಉಸ್ತಾದರ ಕಾಲದ್ದು. ಯಾವ ಅಳತೆಗೂ ಮೊದಲು ಅದಕ್ಕೊಂದು ಕುಂಕುಮ ಇಡುವುದು ಆಚಾರಿಯ ಪದ್ಧತಿ. ಹತಾರಕ್ಕೆ ಕೈಮುಗಿಯದೆ ಕೆಲಸಕ್ಕೆ ಕೂತ ದಿನವೇ ಇಲ್ಲ. ಕುಂಕುಮವಿಟ್ಟು, ಕಣ್ಣಿಗೆ ಒತ್ತಿಕೊಂಡು, "ಬಲಗೈ ಕೊಡಿ" ಎಂದು ಗಿರಾಕಿಯ ಬಲಗೈಗೆ ಕೊಡುತ್ತಾರೆ. ವೀರಭದ್ರಪ್ಪ ಅದನ್ನು ಅಷ್ಟೇ ಭಕ್ತಿಯಿಂದ ತಗೊಂಡು, ಬಲ ಭುಜಕ್ಕಿಟ್ಟು, ಫೋಟೋಗೆ ನಿಂತವರಂತೆ ನಿಲ್ಲುತ್ತಾರೆ. ಕಳೆದೆರಡು ಸಲವೂ ಹೀಗೇ ನಿಂತಿದ್ದರು. ಅಳತೆ ಕೂದಲೆಳೆಯಷ್ಟೂ ಬದಲಾಗಿಲ್ಲ.

ಆಚಾರಿ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಬೆಂಚಿನ ಮೇಲಿನ ರಟ್ಟಿನ ಪೆಟ್ಟಿಗೆ ಮೊಣಕೈಗೆ ತಾಗುತ್ತದೆ, ಅದನ್ನು ಸಿಟ್ಟಿನಿಂದ ತಳ್ಳುತ್ತಾರೆ. ಎಲ್ಲ ಸರಿ ಇದೆ. ಸರಿ ಇದ್ದೂ ಬಡಿಯುತ್ತದೆ. ಹಾಗೆ ನೋಡುತ್ತಾ ನೋಡುತ್ತಾ, ಇಷ್ಟು ದಿನ ಯಾರಿಗೂ ಕೇಳಬೇಕೆನಿಸದ ಒಂದು ಪ್ರಶ್ನೆ ಅವರ ಬಾಯಿಗೆ ಬರುತ್ತದೆ.

"ಯಾವ ಕೆನ್ನೆಗೆ ಬಡೀತದೆ?"

"ಗಲ್ಲಕ್ಕರೀ," ಎನ್ನುತ್ತಾರೆ ವೀರಭದ್ರಪ್ಪ.

"ಗಲ್ಲ ಎರಡು ಉಂಟಲ್ಲ. ಯಾವುದಕ್ಕೆ?"

ವೀರಭದ್ರಪ್ಪ ಮರದ ಗೊಂಬೆಯನ್ನು ಭುಜದಿಂದ ಇಳಿಸಿ ಅದರ ಕುಂಕುಮವನ್ನು ನೋಡುತ್ತಾ ನಿಲ್ಲುತ್ತಾರೆ. ಉತ್ತರ ಕುರ್ಚಿಯಿಂದ ಬರುತ್ತದೆ.

"ಎಡಗಲ್ಲಕ್ಕರೀ," ಎನ್ನುತ್ತಾರೆ ಬಸವಣ್ಣೆವ್ವ, ಮೊಣಕಾಲು ನೀವಿಕೊಳ್ಳುತ್ತಾ. "ಎರಡೂ ಸಲ ಅರಿಷಿಣ ನಾನ ಹಚ್ಚೀನಿ. ಬಾತು ಈಟು ಆಗಿತ್ತು."

ಬಲ ಭುಜಕ್ಕೆ ಬಂದೂಕು ಇಟ್ಟವನ ಎಡಗೆನ್ನೆಗೆ ಪೆಟ್ಟು ಬೀಳಲು ಸಾಧ್ಯವಿಲ್ಲ. ಅದು ಆಚಾರಿಗೆ ಗೊತ್ತು, ಮನೀಶನಿಗೆ ಗೊತ್ತು, ಮುಖ ಕೆಂಪಾಗಿ ನಿಂತ ವೀರಭದ್ರಪ್ಪನವರಿಗೂ ಗೊತ್ತು. ಹೋದ ಎರಡು ತಿಂಗಳು, ಇಪ್ಪತ್ತೆರಡು ದಿನದ ದುಡಿಮೆ, ಹನ್ನೊಂದು ವರ್ಷ ಒಣಗಿದ ಹಲಗೆ, ಎಲ್ಲವೂ ಮೇಲಿನ ಫ್ಯಾನಿನ ಜೊತೆ ತಿರುಗುತ್ತವೆ.

"ನೀವು ಎಡಗೈಯವ್ರಾ?" ಎಂದು ಕೇಳುತ್ತಾರೆ ಆಚಾರಿ, ತೀರ ಸಣ್ಣ ದನಿಯಲ್ಲಿ.

"ಉಣ್ಣೂದು ಬಲಗೈರೀ. ಬರಿಯೂದು ಬಲಗೈ. ತಕ್ಕಡಿ ಹಿಡಿಯೂದು ಬಲಗೈ," ಎಂದು ವೀರಭದ್ರಪ್ಪ ಒಂದೊಂದಾಗಿ ಸಾಕ್ಷಿ ಹೇಳುತ್ತಾರೆ. "ಸಾಲ್ಯಾಗ ಮಾಸ್ತರ ರೂಲ ದೊಣ್ಣೀಲೆ ಬಡದು ಬಡದು ಕಲಿಸಿದ್ರು. ಕೈ ಕಲೀತು. ಕಣ್ಣಿಗೆ ಯಾರು ಬಡೀಬೇಕ್ರಿ? ಗುರಿ ಹಿಡ್ಯಾಕ ಹೋದ್ರ ಎಡಗಣ್ಣ ಮುಂದ ಬರತೈತಿ. ತ್ವಾಟದಾಗ ಒಬ್ಬನ ಇರ್ತೀನಿ, ಯಾರು ನೋಡ್ತಾರ, ಎಡಕ್ಕ ಇಟಗೊಂಡು ಹೊಡೀತೀನಿ."

"ಹಾಗಂತ ಇಲ್ಲಿ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

"ಹೆಂಗ ಹೇಳ್ಲಿ? ನೀವು ಕುಂಕುಮ ಹಚ್ಚಿ, ಕಣ್ಣಿಗೆ ಒತಗೊಂಡು, ಬಲಗೈ ಕೊಡ್ರಿ ಅಂದ್ರಿ. ಪೂಜಿ ಮಾಡಿದ್ದನ್ನ ಹಿರ್ಯಾರ ಕೈಯಿಂದ ಎಡಗೈಲೆ ತಗೊಳ್ಲೇನು?"

ಆಚಾರಿ ಅವರಿಗಿಂತ ಮೂರು ವರ್ಷ ಚಿಕ್ಕವರು. ಅದನ್ನು ಹೇಳುವ ಹೊತ್ತಲ್ಲ ಇದು. ಕೂಗಾಡಬೇಕೆಂದು ಬಾಯಿ ತೆರೆದವರು ತೆರೆದ ಬಾಯನ್ನು ಹಾಗೇ ಮುಚ್ಚುತ್ತಾರೆ. ಯಾಕೆಂದರೆ ಮಾತು ಸರಿಯಾಗಿಯೇ ಇದೆ. ಬಲಗೈ ಕೊಡಿ ಎಂದದ್ದು ಅವರೇ. ಮೂವತ್ತೆಂಟು ವರ್ಷ ಆರುನೂರು ಜನಕ್ಕೆ ಅಂದದ್ದು ಅವರೇ. ಮನುಷ್ಯನನ್ನು ಮೊದಲು ನೋಡು ಎಂದರು ಉಸ್ತಾದರು. ಇವರು ನೋಡುವ ಮೊದಲೇ ಮನುಷ್ಯನನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿದ್ದರು. ಬೇರೆಯವರ ತಪ್ಪಾಗಿದ್ದರೆ ಬೈದು ಹಗುರಾಗಬಹುದಿತ್ತು. ತನ್ನದೇ ಅರ್ಧ ಇದ್ದಾಗ ಆ ಸುಖವೂ ಇಲ್ಲ.

"ನಾನೇ ಹೇಳಿದ್ದು," ಎನ್ನುತ್ತಾರೆ ಕೊನೆಗೆ. ಮರದ ಗೊಂಬೆಯನ್ನು ವೀರಭದ್ರಪ್ಪನವರಿಂದ ಹಿಂದೆ ಪಡೆದು, ಕುಂಕುಮವನ್ನು ಲುಂಗಿಯ ತುದಿಯಿಂದ ಒರೆಸಿ ತೆಗೆಯುತ್ತಾರೆ. "ಈಗ ಇದು ಬರೀ ಮರ. ನಿಮ್ಮ ತೋಟದಲ್ಲಿ ಹಂದಿ ಬಂತು. ಹಿಡಿರಿ."

ವೀರಭದ್ರಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿ, ಎಡಗೈ ಚಾಚಿ ಹಿಡಿಯುತ್ತಾರೆ. ಎಡ ಭುಜಕ್ಕಿಟ್ಟ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಕುತ್ತಿಗೆ ತಾನಾಗಿ ಬಾಗುತ್ತದೆ, ಕೆನ್ನೆ ಮರದ ಮೇಲೆ ಬಂದು ಕೂರುತ್ತದೆ. ಫೋಟೋಗೆ ನಿಂತವರು ಎಲ್ಲಿ ಹೋದರೋ. ಬಾಗಿಲಲ್ಲಿ ಮನೀಶ ಗಡಿಯಾರ ನೋಡುವುದನ್ನು ಬಿಟ್ಟಿದ್ದಾನೆ.

ಬಲಗೈಯವರಿಗೆ ಕುಂದಾದ ಹಿಂಭಾಗ ಒಂದು ಚೂರು ಬಲಕ್ಕೆ ವಾಲಿರಬೇಕು, ಕೆನ್ನೆಯ ಉಬ್ಬು ಎಡಬದಿಯಲ್ಲಿ. ಎಡಗೈಯವರಿಗೆ ಎಲ್ಲ ತಿರುವು ಮುರುವು. ಕೊನೆಯ ಹಲಗೆಯ ಕೆನ್ನೆಯ ಜಾಗವನ್ನು ಎರಡೂ ಬದಿಯಲ್ಲಿ ದಪ್ಪಗೆ ಬಿಟ್ಟದ್ದು ಈಗ ಕೈ ಹಿಡಿಯುತ್ತದೆ. ಇನ್ನೊಂದು ಬೆಳಿಗ್ಗೆ ಬೇಸರಕ್ಕೆ ಅರ ಓಡಿಸಿದ್ದರೆ ಮುಗಿದಿತ್ತು.

ಮುಂದಿನ ಹದಿನೆಂಟು ದಿನ ನಳಕ್ಕೆ ನೀರು ಬರುವ ಮೊದಲಿನ ಗಂಟೆ, ಏಳೂ ಹದಿನಾಲ್ಕರ ಲೋಕಲು, ಮಸಿ, ಉಳಿ, ಮತ್ತೆ ಮಸಿ. ಈ ಸಲ ನೂರ ಮೂವತ್ತೆರಡು ಸಲ ಕಬ್ಬಿಣ ಇಳಿಸಿ ಎತ್ತಿದ್ದಾರೆ. ಕೈಗೆ ಆಜನ್ಮ ಅಭ್ಯಾಸವಾದ ಬದಿಯೇ ಬೇರೆ. ಹಾಗಾಗಿ ಪ್ರತಿ ಗೆರೆಗೂ ಎರಡು ಸಲ ಯೋಚನೆ, ಎರಡು ಪಟ್ಟು ಗೊಣಗಾಟ. "ಕನ್ನಡಿಯಲ್ಲಿ ನೋಡಿ ಗಡ್ಡ ತೆಗೆದ ಹಾಗೆ," ಎನ್ನುತ್ತಾರೆ. ಬಾಗಿ ಮೂರು ಸಲ ಮಸಿ ಹಿಡಿದುಕೊಟ್ಟಿದ್ದಾರೆ. ಕೊನೆಗೆ ಅಗಸೆಯೆಣ್ಣೆಯನ್ನು ಅಂಗೈಯಲ್ಲಿ ಬಿಸಿಯಾಗುವವರೆಗೆ ತಿಕ್ಕಿ, ಒಳಗಿನ ಕಂದು ಎಳೆಗಳು ಎದ್ದು ಕಂಡ ಮೇಲೆ, ತಗಡಿನ ಕೆಳಗೆ ಸಂಖ್ಯೆ ಕೊರೆದಿದ್ದಾರೆ. ವೀರಭದ್ರಪ್ಪ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಬಂದೂಕು ಒಯ್ದಿದ್ದಾರೆ.

ಆಮೇಲೆ ಕಾಯುವುದು. ಈ ಕೆಲಸದಲ್ಲಿ ಶಹಬ್ಬಾಸ್ ಎನ್ನಲು ಯಾರೂ ಬರುವುದಿಲ್ಲ. ಬಂದವರೆಲ್ಲ ದೂರು ಹೊತ್ತೇ ಬಂದವರು. ಬಾರದಿದ್ದರೆ ಚೆನ್ನಾಗಿದೆ ಎಂದು ಅರ್ಥ. ಒಂದು ವಾರ ಕಳೆಯುತ್ತದೆ. ಎರಡು ವಾರ. ಅಂಗಡಿಯ ಫೋನು ರಿಂಗಾದಾಗಲೆಲ್ಲ ಹಿಂದಿನ ಕೋಣೆಯಲ್ಲಿ ಉಳಿಯ ಸದ್ದು ನಿಲ್ಲುತ್ತದೆ. ರಟ್ಟಿನ ಪೆಟ್ಟಿಗೆ ಬೆಂಚಿನ ಮೇಲೆ ಹಾಗೇ ಕೂತಿದೆ. ಆಚಾರಿ ಅದರ ಸುತ್ತಲೇ ಮೊಣಕೈ ಬಳಸಿಕೊಂಡು ಕೆಲಸ ಮಾಡುತ್ತಾರೆ.

"ನನಗೆ ದೊಡ್ಡ ಆಸೆ ಏನಿಲ್ಲ," ಎನ್ನುತ್ತಾರೆ, ಕೇಳಿದ್ದಕ್ಕೆ. "ಅಕ್ರೋಟಿನ ಎರಡು ಹಲಗೆ ತರಿಸಿ ಕೊಡ್ಲಿ. ಅದು ಒಣಗ್ಲಿಕ್ಕೆ ವರ್ಷಗಟ್ಟಲೆ ಬೇಕು, ಅಷ್ಟು ಸಮಯ ನಾನು ಇರ್ತೇನೋ ಇಲ್ವೋ. ಮಂಚದ ಕೆಳಗೆ ಮರ ಇಲ್ಲದಿದ್ರೆ ನಿದ್ರೆ ಬರುದಿಲ್ಲ ಅಷ್ಟೆ. ಮತ್ತೆ, ಬರುವವ್ರು ಯಾವ ಕೈ ಅಂತ ಮೊದಲೇ ಹೇಳ್ಲಿ. ಇಲ್ಲ, ಅವ್ರು ಹೇಳೋದು ಬೇಡ. ನಾನೇ ಕೇಳ್ತೇನೆ."

ಹದಿನೇಳನೆಯ ದಿನ, ಮೇ ತಿಂಗಳ ಉರಿಬಿಸಿಲಿನಲ್ಲಿ, ಅಂಗಡಿಯ ಬಾಗಿಲಿಗೆ ವೀರಭದ್ರಪ್ಪ ಬರುತ್ತಾರೆ. ಮನೀಶ ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು "ಆ ಗಯಾ ಫಿರ್ ಸೇ" ಎಂದು, ರೈಫಲು ಮತ್ತೆ ಬಂತೆನ್ನುವ ಹಾಗೆ, ಹಿಂದಿನ ಕೋಣೆಯ ಕಡೆ ನೋಡುತ್ತಾನೆ. ಆಚಾರಿ ಉಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮುಖ ಗಂಟಿಕ್ಕಿಕೊಂಡು ಹೊರಗೆ ಬರುತ್ತಾರೆ. ಆದರೆ ವೀರಭದ್ರಪ್ಪನವರ ಭುಜದಲ್ಲಿ ಬಂದೂಕಿನ ಉದ್ದ ಚೀಲವಿಲ್ಲ. ಇರುವುದು ಒಂದು ಕೈಚೀಲ, ತಳ ಜಗ್ಗುವಷ್ಟು ಭಾರದ್ದು.

"ಎರಡು ಕಾಡತೂಸ ಹೊಡದೆರಿ," ಎನ್ನುತ್ತಾರೆ. "ಗಲ್ಲ ಎಲ್ಲಿತ್ತೋ ಅಲ್ಲೇ ಐತಿ. ನೋಡ್ರಿ." ಎಡಗೆನ್ನೆ ತಿರುಗಿಸಿ ತೋರಿಸುತ್ತಾರೆ. "ಹಂದಿ ಓಡಿದುವು. ಆಕಿ ಅರಿಷಿಣ ಉಳೀತಂತ ಹೇಳಂದ್ಲು ನಿಮಗ."

ಆಚಾರಿ ಆ ಕೆನ್ನೆಯನ್ನು ಹತ್ತಿರದಿಂದ, ಸಾವಕಾಶ ನೋಡುತ್ತಾರೆ, ಮರವನ್ನು ನೋಡುವ ಹಾಗೆ. ಗೆರೆಯಿಲ್ಲ, ಕಲೆಯಿಲ್ಲ. ತಲೆ ಆಡಿಸಿ ಹಿಂದಿನ ಕೋಣೆಗೆ ಕರೆಯುತ್ತಾರೆ. ಚೀಲ ಇಡಲು ಬೆಂಚಿನ ಮೇಲೆ ಜಾಗವಿಲ್ಲ. ಹಿಂದೆಯೇ ಬಂದ ಮನೀಶ ಏನೂ ಹೇಳದೆ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಕಪಾಟಿನ ತಲೆಯ ಮೇಲೆ ಇಡುತ್ತಾನೆ, ಕೈಗೆ ಹತ್ತಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಕಾಕಾ, ವೋ ಕಾಶ್ಮೀರ್ ವಾಲೇ ಕಾ ನಂಬರ್ ಹೈ ಕ್ಯಾ?" ಎಂದು ಅಕ್ರೋಟು ಹಲಗೆ ಕಳಿಸಿದವನ ನಂಬರು ಕೇಳುತ್ತಾನೆ. ಬೆಂಚು ಕೊನೆಯಿಂದ ಕೊನೆಯವರೆಗೆ ಖಾಲಿಯಾಗಿ ಬಿದ್ದಿದೆ.

"ತ್ವಾಟದ ಮಾವಿನ ಹಣ್ಣರಿ, ನಾಕು ಡಜನ್," ಎಂದು ವೀರಭದ್ರಪ್ಪ ಚೀಲವನ್ನು ಚಾಚುತ್ತಾರೆ. ಚಾಚಿದ ಮೇಲೆ ತಿಳಿಯುತ್ತದೆ ಅವರಿಗೆ, ಅದು ಎಡಗೈ ಎಂದು. ಹಣ್ಣು ಕೊಡುವ ಕೈ ಅದಲ್ಲ. ಮುಖ ಬಾಡಿ, ನಾಲಿಗೆ ಕಚ್ಚಿಕೊಂಡು, ಅವಸರವಸರವಾಗಿ ಬಲಗೈಯನ್ನು ತರುತ್ತಾರೆ.

ಅಷ್ಟರಲ್ಲಿ ಆಚಾರಿಯ ಕೈ ಚೀಲವನ್ನು ಹಿಡಿದಾಗಿದೆ.

"ಇರ್ಲಿ, ಹಾಗೇ ಕೊಡಿ ಮಾರಾಯ್ರೆ," ಎನ್ನುತ್ತಾರೆ, ಸಿಡುಕು ದನಿಯಲ್ಲೇ. "ನೀವು ಕೈ ಬದಲಾಯಿಸಿದ್ರೆ ಪುನಃ ನನಗೇ ಕೆಲಸ."